ಮಜ್ಜಿಗೆ ಹುಲ್ಲಿನ ಎಣ್ಣೆ: ಜಗಲಿಗೆ ಸರಿ, ಹಾಡಿಗೆ ಸಾಲದು

ಕೆಲವು ವರ್ಷಗಳ ಹಿಂದಿನ ಮಾತು. ಬೈಂದೂರು ತಾಲೂಕಿನ ಘಟ್ಟದ ಬುಡದ ಊರೊಂದರಲ್ಲಿ ರೈತರ ಸಭೆ ನಡೆದಿತ್ತು. ಮಜ್ಜಿಗೆ ಹುಲ್ಲಿನ ಎಣ್ಣೆ ಸವರಿಕೊಂಡರೆ ಸೊಳ್ಳೆ ಹತ್ತಿರ ಸುಳಿಯದು ಎಂದು ನಾನು ಉತ್ಸಾಹದಿಂದ ಹೇಳಿದೆ. ಎರಡು ತಿಂಗಳ ಬಳಿಕ ಅದೇ ಊರಿನ ರೈತರೊಬ್ಬರು ಸಿಕ್ಕಿ, "ನೀವ್ ಹೇಳಿದ್ ಎಣ್ಣಿ ಹಚ್ಕಂಡೇ ತರಗೆಲೆಗೆ ಹೋದ್ ಸಾರ್, ಆರೂ ಕಾಲಂಗೆ ಉಣ್ಣಿ ಹಿಡ್ಕಂಡಿತ್ತ್" ಎಂದರು. ಮರುವಾರ ಅವರಿಗೆ ಜ್ವರ ಬಂತು. ಮಂಗನ ಕಾಯಿಲೆ ಅಲ್ಲವೆಂದು ರಕ್ತ ಪರೀಕ್ಷೆಯಲ್ಲಿ ತಿಳಿಯುವವರೆಗೆ ಅವರ ಮನೆಯವರಿಗೂ ನನಗೂ ಸರಿಯಾಗಿ ನಿದ್ದೆ ಬರಲಿಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಅರ್ಧ ಮಾತ್ರ ಹೇಳಿದ್ದೆ. ಉಳಿದರ್ಧವನ್ನು ಈಗ ಹೇಳುವುದು ನನ್ನ ಕರ್ತವ್ಯ.

ಮೊದಲು ಎಣ್ಣೆಯ ಗುಣ. ಮಜ್ಜಿಗೆ ಹುಲ್ಲಿನ ಪರಿಮಳಕ್ಕೆ ಸಿಟ್ರಾಲ್ ಎಂಬ ಅಂಶ ಕಾರಣ. ಈ ವಾಸನೆ ಸೊಳ್ಳೆಗಳಿಗೆ ಹಿಡಿಸುವುದಿಲ್ಲ. ಕೇರಳದ ಓಡಕ್ಕಾಲಿ ಸಂಶೋಧನಾ ಕೇಂದ್ರದ 'ಸುಗಂಧಿ' ತಳಿ ಎಣ್ಣೆಗೆ ಹೆಸರಾದದ್ದು. ಆದರೆ 100 ಕಿಲೋ ಹಸಿ ಹುಲ್ಲನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೂ ಅರ್ಧ ಕಿಲೋ ಎಣ್ಣೆ ಸಿಕ್ಕರೆ ಹೆಚ್ಚು. ಅಡುಗೆಮನೆಯಲ್ಲಿ ಹುಲ್ಲನ್ನು ಕೊಬ್ಬರಿ ಎಣ್ಣೆಗೆ ಹಾಕಿ ಕಾಯಿಸಿದರೆ ಸುವಾಸನೆ ಬಂದೀತು. ಸೊಳ್ಳೆಯನ್ನು ತಡೆಯುವಷ್ಟು ಸತ್ವ ಬರುವುದು ಕಷ್ಟ.

ಆದುದರಿಂದ ಬಟ್ಟಿ ಇಳಿಸಿದ ಶುದ್ಧ ಎಣ್ಣೆಯನ್ನು ಕೊಂಡು, 100 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ 2 ಮಿಲಿಲೀಟರ್, ಅಂದರೆ ಸುಮಾರು ಅರ್ಧ ಚಮಚ, ಬೆರೆಸಿಕೊಳ್ಳುವುದು ಉತ್ತಮ. ಬಣ್ಣದ ಬಾಟಲಿಯಲ್ಲಿ ಹಾಕಿ ನೆರಳಿನಲ್ಲಿಡಿ. ಮೊದಲು ಮೊಣಕೈ ಒಳಬದಿಗೆ ಒಂದಿಷ್ಟು ಹಚ್ಚಿ ಒಂದು ದಿನ ನೋಡಿ. ಉರಿ, ತುರಿಕೆ ಬಂದರೆ ಬಿಟ್ಟುಬಿಡಿ. ಬೆರೆಸದ ಎಣ್ಣೆಯನ್ನು ಮೈಗೆ ಎಂದೂ ಹಚ್ಚಬಾರದು. ಕಣ್ಣು, ಬಾಯಿ, ಗಾಯಗಳಿಗೆ ತಾಗಿಸಬಾರದು, ಎಳೆ ಮಕ್ಕಳಿಗೆ ಬೇಡವೇ ಬೇಡ. ಕೆಲವರು ಇದಕ್ಕೆ ಕರ್ಪೂರ ಕರಗಿಸುತ್ತಾರೆ. ಮಗು ಅದನ್ನು ಬಾಯಿಗೆ ಹಾಕಿಕೊಂಡರೆ ಅಪಸ್ಮಾರ ಬರುವ ಅಪಾಯವಿದೆ.

ಇನ್ನು ಮಿತಿ. ಇಂಥ ಎಣ್ಣೆಗಳು ಬೇಗ ಆರಿಹೋಗುತ್ತವೆ. ಒಂದು ಗಂಟೆ, ಹೆಚ್ಚೆಂದರೆ ಎರಡು ಗಂಟೆ ಕೆಲಸ ಮಾಡಿಯಾವು. ಬೆವರು ಸುರಿಯುವ ನಮ್ಮ ಕರಾವಳಿಯಲ್ಲಿ ಅಷ್ಟೂ ಕಾಣದು. ಸಂಜೆ ಜಗಲಿಯಲ್ಲಿ ಕೂರುವಾಗ, ಹಟ್ಟಿಯಲ್ಲಿ ಹಾಲು ಕರೆಯುವಾಗ ಇದು ಉಪಯುಕ್ತ. ಡೆಂಗಿ ಸೊಳ್ಳೆಯಾದರೋ ಹಗಲಿನಲ್ಲೇ ಕಚ್ಚುತ್ತದೆ. ತೋಟದ ಅಡಿಕೆ ಹಾಳೆ, ತೆಂಗಿನ ಕರಟ, ರಬ್ಬರ್ ಹಾಲಿನ ಚಿಪ್ಪುಗಳಲ್ಲಿ ನಿಂತ ನೀರನ್ನು ಚೆಲ್ಲದೆ ಎಣ್ಣೆ ಸವರಿಕೊಂಡರೆ ಏನು ಪ್ರಯೋಜನ?

ಆದರೆ ಹಾಡಿಯ ಉಣ್ಣಿಯ ಮಾತೇ ಬೇರೆ. ಮಂಗನ ಕಾಯಿಲೆಯನ್ನು 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾಯಿತು. 1982-83ರಲ್ಲಿ ಅದು ಬೆಳ್ತಂಗಡಿ ತಾಲೂಕನ್ನು ಕಾಡಿತು. 2019ರಲ್ಲಿ ನಮ್ಮ ಘಟ್ಟದ ಮೇಲಿನ ಸಾಗರ ತಾಲೂಕಿನ ಅರಳಗೋಡಿನಲ್ಲಿ ಜೀವಗಳು ಹೋದವು. ಬಳಕೆಯಲ್ಲಿದ್ದ ಹಳೆಯ ಲಸಿಕೆಯನ್ನೂ ಪರಿಣಾಮ ಸಾಲದೆಂದು 2022ರಲ್ಲಿ ನಿಲ್ಲಿಸಲಾಯಿತು. ರೋಗ ಹರಡುವುದು ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಹಟ್ಟಿಗೆ ಹಾಸಲು ನಾವು ತರಗೆಲೆ ಗುಡಿಸುವುದೂ ಅದೇ ಕಾಲದಲ್ಲಿ. ಸಾಸಿವೆಗಿಂತ ಸಣ್ಣ ಮರಿ ಉಣ್ಣಿ ಆ ಎಲೆಯ ನಡುವೆಯೇ ಇರುತ್ತದೆ. ಕಾಡಂಚಿನಲ್ಲಿ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವುದು ಡೇಪಾ ತೈಲ; ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ್ದು. ಮಜ್ಜಿಗೆ ಹುಲ್ಲಿನ ಎಣ್ಣೆ ಅದರ ಜಾಗವನ್ನು ತುಂಬಲಾರದು. "ನಮ್ಮದು ಗಿಡಮೂಲಿಕೆ, ಅದು ರಾಸಾಯನಿಕ" ಎಂಬ ಹಟ ಇಲ್ಲಿ ಸಲ್ಲದು.

ತೈಲ ಹಚ್ಚಿದರೂ ಉದ್ದ ತೋಳಿನ ಅಂಗಿ, ಕಾಲು ಮುಚ್ಚುವ ಬಟ್ಟೆ ಬೇಕು. ಮನೆಗೆ ಬಂದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ, ಮೈ ಪರೀಕ್ಷಿಸಿಕೊಳ್ಳಬೇಕು. ಮಂಗ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ, ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹಾಡಿಗೆ ಹೋಗಿ ಬಂದ ಬಳಿಕ ಜ್ವರ, ತಲೆನೋವು, ಮೈಕೈ ನೋವು ಬಂದರೆ ಹಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮರೆಯದೆ ಹೇಳಿ.

ನನ್ನದೊಂದು ಅಭಿಪ್ರಾಯ. ತರಗೆಲೆಗೆ ಹೋಗುವವರು ಯಾರು? ದನ ಸಾಕುವವರೇ. ಅವರು ಬೆಳಿಗ್ಗೆ ಸಂಜೆ ತಪ್ಪದೆ ಬರುವ ಜಾಗ ಹಾಲಿನ ಡೈರಿ. ಆದ್ದರಿಂದ ಘಟ್ಟದ ಬುಡದ ಪ್ರತಿ ಹಾಲು ಉತ್ಪಾದಕರ ಸಂಘದಲ್ಲಿ ನವೆಂಬರ್ ಮುಗಿಯುವುದರೊಳಗೆ ಡೇಪಾ ತೈಲ ಸಿಗುವಂತಾಗಬೇಕು. ರೋಗ ಬಂದ ಮೇಲೆ ಹಂಚಿದರೆ ಊಟ ಮುಗಿದ ಮೇಲೆ ಎಲೆ ಹಾಕಿದಂತೆ. ಸಂಘದ ಮುಂದಿನ ಸಭೆಯಲ್ಲಿ ಈ ಮಾತನ್ನು ನೀವೇ ಎತ್ತಿರಿ; ಠರಾವು ಬರೆದು ಆರೋಗ್ಯ ಕೇಂದ್ರಕ್ಕೆ ಕಳುಹಿಸಿರಿ. ಗದ್ದೆಯಂಚಿನ ಮಜ್ಜಿಗೆ ಹುಲ್ಲನ್ನೂ ಕೀಳಬೇಕಿಲ್ಲ. ಅದರ ಕೆಲಸ ಜಗಲಿಯಲ್ಲಿದೆ, ಹಾಡಿಯಲ್ಲಲ್ಲ.