ಹಂಬಲ ಸಾಲದೆ?

ಕಳೆದ ಸಂಚಿಕೆಯ ವೆಲ್ಷ್ ಕಥೆಯಲ್ಲಿ ‘ಹಿರೈಥ್’ ಎಂಬ ಮಾತಿಗೆ ‘ಹಂಬಲ’ ಎಂದು ಹಾಕಿದ್ದೆವು. ಅದು ಅನುವಾದಕ್ಕೆ ಒಗ್ಗದ ಪದ, ಮುಟ್ಟಬಾರದಿತ್ತು ಎಂದು ನಮ್ಮ ಮಿತ್ರ ಪತ್ರಿಕೆ ಅರ್ಧ ಪುಟ ಬುದ್ಧಿ ಹೇಳಿದೆ. ಪದಕ್ಕೂ ಮಡಿಯೇ?

‘ಹಿರ್’ ಎಂದರೆ ಉದ್ದ; ದಾರಿಗೂ ಸಲ್ಲುತ್ತದೆ, ಹೊತ್ತಿಗೂ ಸಲ್ಲುತ್ತದೆ. ‘ಐಥ್’ ನಮ್ಮ ‘ತನ’ದಂಥ ಪ್ರತ್ಯಯ. ಇಷ್ಟೇ ಮಾಯೆ. ‘ನಿಡುಸುಯ್ಲು’ ಎಂದ ನಮ್ಮ ಹಿರಿಯರೂ ಸಂಕಟವನ್ನು ಉದ್ದದಲ್ಲೇ ಅಳೆದವರು. ಅದು ವೇಲ್ಸಿನವರ ಖಾಸಗಿ ಆಸ್ತಿಯೂ ಅಲ್ಲ. ಸೋದರ ಭಾಷೆಗಳಾದ ಕಾರ್ನಿಷ್, ಬ್ರೆಟನ್‌ಗಳಲ್ಲೂ ಇದೇ ಪದ ತುಸು ರೂಪ ಬದಲಿಸಿಕೊಂಡು ಬದುಕಿದೆ.

ಮಿತ್ರರು ಗಮನಿಸಬೇಕಾಗಿದ್ದದ್ದು ಬೇರೆ. ವೆಲ್ಷ್ ಮಾತಾಡುವವರು ‘ನಾನು ಹಂಬಲಿಸುತ್ತೇನೆ’ ಎನ್ನುವುದಕ್ಕಿಂತ ‘ಮೈ ಹಿರೈಥ್ ಅರ್ನಾ ಈ’ ಎನ್ನುತ್ತಾರೆ: ಹಂಬಲ ನನ್ನ ಮೇಲಿದೆ. ಹೆದರಿಕೆ, ನಾಚಿಕೆ, ನೆಗಡಿ ಎಲ್ಲವೂ ಹೀಗೇ ಬಂದು ಮೇಲೆ ಕೂರುತ್ತವೆ. ಸಾಲವೂ ಅಷ್ಟೇ! ‘ನನಗೆ ಹಸಿವಾಗಿದೆ’, ‘ತಲೆ ಮೇಲೆ ಸಾಲವಿದೆ’ ಎನ್ನುವ ಕನ್ನಡಕ್ಕೆ ಇದಕ್ಕಿಂತ ಹತ್ತಿರದ ನೆಂಟ ಬೇಕೆ? ಇಂಗ್ಲಿಷಿನ ಕಿಟಕಿಯಿಂದ ಇಣುಕಿದವರಿಗೆ ಮಾತ್ರ ಇದು ಅನುವಾದಕ್ಕೆ ದಕ್ಕದ್ದು.

ಒಂದು ಮಾತು ಒಪ್ಪುತ್ತೇವೆ. ಲಿವರ್‌ಪೂಲ್ ನಗರದ ನೀರಿಗಾಗಿ 1965ರಲ್ಲಿ ಟ್ರವೇರಿನ್ ಕಣಿವೆಯ ಕಾಪೆಲ್ ಕೆಲಿನ್ ಊರನ್ನು ಮುಳುಗಿಸಿದರು: ಶಾಲೆ, ಅಂಚೆ ಕಚೇರಿ, ಪ್ರಾರ್ಥನಾ ಮಂದಿರ ಸಮೇತ. ಆ ಊರಿನವರ ಬಾಯಲ್ಲಿ ಹಿರೈಥ್ ಎಂದರೆ ‘ಹಂಬಲ’ ತೆಳುವಾಗುತ್ತದೆ. ಸತ್ತವರಿಗಾಗಿ ಪಡುವ ದುಃಖಕ್ಕೂ ಅದೇ ಪದ. ‘ಹಲುಬು’ ಎನ್ನಿ, ‘ಕೊರಗು’ ಎನ್ನಿ ಎಂದು ಯಾರಾದರೂ ಜಗಳಕ್ಕೆ ಬಂದಿದ್ದರೆ ಚಹಾ ಕೊಟ್ಟು ಕೂರಿಸಿಕೊಳ್ಳುತ್ತಿದ್ದೆವು. ಮಿತ್ರರ ಸಲಹೆ ಅದಲ್ಲ. ಮೂಲ ಪದವನ್ನೇ ಇಟ್ಟು ಸುಮ್ಮನಿರಬೇಕಂತೆ, ಓದುಗ ಕೈಮುಗಿಯಬೇಕಂತೆ. 2021ರ ಜನಗಣತಿಯಂತೆ ವೇಲ್ಸಿನಲ್ಲಿ ವೆಲ್ಷ್ ಮಾತಾಡಬಲ್ಲವರು ನೂರಕ್ಕೆ ಹದಿನೆಂಟು ಮಂದಿಯೂ ಇಲ್ಲ. ಅಂಥ ಭಾಷೆಯ ಒಂದೇ ಪದವನ್ನು ಕಪ್ಪು, ಮೇಣದಬತ್ತಿಗಳ ಮೇಲೆ ಅಚ್ಚೊತ್ತಿ ಮಾರುವವರ ಸಾಲಿಗೆ ಸಾಹಿತ್ಯ ಪತ್ರಿಕೆಯೂ ಸೇರುವುದು ಅಂದವಲ್ಲ.

ಅಂದಹಾಗೆ, ಈ ಸಂಚಿಕೆ ಅನುವಾದ ವಿಶೇಷಾಂಕ. ಆ ಕಥೆಯ ಎರಡನೇ ಕಂತು ಇದರಲ್ಲಿದೆ. ಹಿರೈಥ್ ಅದರಲ್ಲಿ ನಾಲ್ಕು ಸಲ ಬರುತ್ತದೆ: ಮೂರು ಕಡೆ ‘ಹಂಬಲ’, ಸ್ಮಶಾನದ ಪುಟದಲ್ಲಿ ‘ಕೊರಗು’.