ಇದು ಯಾವ ಸಂಗೀತ?

ಸ್ಪರ್ಧೆಯೊಂದರ ಅರ್ಜಿಯಲ್ಲಿ ‘ಶಾಸ್ತ್ರೀಯವೋ, ಜಾನಪದವೋ, ಪಾಶ್ಚಾತ್ಯವೋ’ ಎಂಬ ಅಂಕಣವಿತ್ತು. ನನ್ನ ಮಿತ್ರನದು ಪಾಶ್ಚಾತ್ಯ ವಾದ್ಯವಾದ ಸ್ಯಾಕ್ಸೊಫೋನು, ಕಲಿತದ್ದು ರಾಗ, ನುಡಿಸುವುದು ಅಳದಂಗಡಿಯ ಸುತ್ತಿನ ನೇಮ, ಮದುವೆಗಳಲ್ಲಿ. ಅಂಕಣ ತುಂಬಲಾರದೆ ಅವನು ಅರ್ಜಿಯನ್ನೇ ಕೈಬಿಟ್ಟನು.

ಮಿತ್ರರೆ, ಈ ಪ್ರಶ್ನೆಗೆ ನಮ್ಮ ನೆರೆಯಲ್ಲಿಯೇ ಉತ್ತರವಿದೆ. ಬಂಟ್ವಾಳದ ಸಜಿಪದಲ್ಲಿ ನಾಗಸ್ವರ ವಾದಕರ ಮಗನಾಗಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ವಾದ್ಯಮೇಳದಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮನಸೋತರು. ಕೀಲಿಗಳ ವಾದ್ಯದಲ್ಲಿ ಗಮಕ ಹೊರಡದೆಂಬ ಮಾತನ್ನು ವರ್ಷಗಟ್ಟಲೆ ಸಾಧನೆಯಿಂದ ಸುಳ್ಳು ಮಾಡಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. 2008ರಲ್ಲಿ ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪನವರೊಡನೆ ‘ಕಿನ್ಸ್‌ಮೆನ್’ ಎಂಬ ಧ್ವನಿಮುದ್ರಿಕೆಯಲ್ಲಿ ಜೊತೆಗೂಡಿದರು. ಆ ಜೋಡಿಯ ವಾದನ ಕರ್ನಾಟಕ ಸಂಗೀತವೆ? ಜಾಝೆ? ಒಂದೇ ಹೆಸರು ಅದಕ್ಕೆ ಸಾಲದು.

ಹಾಗೆಂದು ಶಿಸ್ತೇ ಬೇಡವೆಂದು ನಾನು ವಾದಿಸುತ್ತಿಲ್ಲ. ತಮ್ಮ ತಮ್ಮ ಸಂಗೀತವನ್ನು ಆಳವಾಗಿ ಕಲಿತವರಾದುದರಿಂದಲೇ ಅವರಿಬ್ಬರೂ ಎಲ್ಲೆ ದಾಟಬಲ್ಲವರಾದರು.

ಗೋಪಾಲನಾಥರು 2019ರಲ್ಲಿ ತೀರಿಕೊಂಡರು. ಅವರನ್ನು ಕೊಂಡಾಡುವ ನಾವು ಅದೇ ಹಾದಿಯ ಹುಡುಗನಿಗೆ ಅಂಕಣವಿಲ್ಲವೆನ್ನುವುದು ನ್ಯಾಯವೆ? ಮೊದಲು ಕೇಳೋಣ; ಹೆಸರನ್ನು ಆಮೇಲೆ ಇಡೋಣ.