ಮೊದಲು ಸೋರಿಕೆ, ಆಮೇಲೆ ಸೋಲಾರ್

ಅಮೆರಿಕದ ಹಳೆ ಟ್ರಕ್ ಕ್ಯಾಂಪರ್‌ಗಳನ್ನ ಕಡಿಮೆ ದುಡ್ಡಲ್ಲಿ ರಿಪೇರಿ ಮಾಡೋ ವಿಡಿಯೋಗಳಿಗೆ ನಮ್ಮ ಹಾಸ್ಟೆಲ್‌ಗಳಲ್ಲಿ ಅಭಿಮಾನಿಗಳು ಬಹಳ. ರಾತ್ರಿ ಊಟ ಆದ್ಮೇಲೆ ಯಾರಾದ್ರೂ ಒಂದು ಹಾಕಿದ್ರೆ ಸಾಕು, ಮೂರು ಮುಗಿದ್ರೂ ಜನ ಏಳಲ್ಲ. ಅದರಲ್ಲಿ ಎಲ್ಲರಿಗೂ ನೆನಪಿರೋದು ಕೊನೆಯ ಐದು ನಿಮಿಷ: ಬಿಳಿ ಗೋಡೆ, ಹಳದಿ ದೀಪ, ಮಾಳಿಗೆ ಮೇಲೆ ಸೋಲಾರ್ ಪ್ಯಾನೆಲ್, ಕಿಟಕಿ ಆಚೆ ಬೆಟ್ಟ. ಆದ್ರೆ ನಿಜವಾದ ಇಂಜಿನಿಯರಿಂಗ್ ಇರೋದು ಆ ಐದು ನಿಮಿಷದಲ್ಲಲ್ಲ, ಅದಕ್ಕಿಂತ ಬಹಳ ಮುಂಚೆ, ಕೊಳೆತ ಮರ ಕಿತ್ತು ಹಾಕೋ ಭಾಗದಲ್ಲಿ. ಅದನ್ನ ಗಮನ ಇಟ್ಟು ನೋಡಿದ್ರೆ ಒಂದು ಮಾತು ಸ್ಪಷ್ಟವಾಗುತ್ತೆ. ಹಳೆಯದೊಂದನ್ನ ಅಳೆದು, ಲೆಕ್ಕ ಹಾಕಿ, ಸರಿಯಾದ ಕ್ರಮದಲ್ಲಿ ರಿಪೇರಿ ಮಾಡೋದು ಫೈನಲ್ ಇಯರ್ ಪ್ರಾಜೆಕ್ಟ್ ಆಗೋಕೆ ಎಲ್ಲ ರೀತಿಯಲ್ಲೂ ಯೋಗ್ಯ. ನಮ್ಮ ವಿಭಾಗಗಳು ಇದನ್ನ ಒಪ್ಪಿಕೊಳ್ಳಬೇಕು ಅನ್ನೋದು ನಮ್ಮ ವಾದ.

ಮೊದಲು, ಟ್ರಕ್ ಕ್ಯಾಂಪರ್ ಅಂದ್ರೆ ಏನು? ಇದು ಹಿಂದೆ ಎಳ್ಕೊಂಡು ಹೋಗೋ ಟ್ರೇಲರ್ ಅಲ್ಲ. ಪಿಕಪ್ ಗಾಡಿಯ ಹಿಂದಿನ ತೊಟ್ಟಿಯಲ್ಲಿ ಕೂರೋ ಒಂದು ಪುಟ್ಟ ಮನೆ. ನಾಲ್ಕು ಮೂಲೆಗೆ ನಾಲ್ಕು ಜಾಕ್ ಕೊಟ್ಟು ಎತ್ತಿದ್ರೆ ಅದು ನಿಂತಲ್ಲೇ ನಿಲ್ಲುತ್ತೆ, ಗಾಡಿ ಕೆಳಗಿಂದ ಹೊರಗೆ ಬರುತ್ತೆ. ಹಾಸಿಗೆ ಡ್ರೈವರ್ ತಲೆ ಮೇಲೆ ಮುಂದಕ್ಕೆ ಚಾಚಿಕೊಂಡಿರುತ್ತೆ. 1960ರಲ್ಲಿ ಜಾನ್ ಸ್ಟೈನ್‌ಬೆಕ್ ತಮ್ಮ ನಾಯಿ ಚಾರ್ಲಿಯನ್ನ ಕೂರಿಸಿಕೊಂಡು ಅಮೆರಿಕ ಸುತ್ತಿದ್ದು ಇಂಥದ್ದೊಂದು ಕ್ಯಾಂಪರ್ ಹೊತ್ತ ಜಿಎಂಸಿ ಪಿಕಪ್‌ನಲ್ಲಿ. ಡಾನ್ ಕಿಹೋಟೆಯ ಬಡಕಲು ಕುದುರೆಯ ನೆನಪಿಗೆ ಅದಕ್ಕೆ 'ರೋಸಿನಾಂಟೆ' ಅಂತ ಹೆಸರಿಟ್ಟಿದ್ರು. ಆ ಪ್ರವಾಸದ ಪುಸ್ತಕ 1962ರಲ್ಲಿ ಬಂತು. ಗಾಡಿ ಈಗ ಕ್ಯಾಲಿಫೋರ್ನಿಯಾದ ಸಲೀನಾಸ್‌ನಲ್ಲಿರೋ ಸ್ಟೈನ್‌ಬೆಕ್ ಮ್ಯೂಸಿಯಂನಲ್ಲಿದೆ.

ಮ್ಯೂಸಿಯಂ ಸೇರದ ಸಾವಿರಾರು ಕ್ಯಾಂಪರ್‌ಗಳು ಮನೆ ಹಿತ್ತಲಲ್ಲಿ, ತೋಟದ ಮೂಲೆಯಲ್ಲಿ ಮಳೆಗೆ ನೆನೀತಾ ನಿಂತಿವೆ. ಅವು ಅಷ್ಟು ಅಗ್ಗಕ್ಕೆ ಸಿಗೋದಕ್ಕೂ ಕಾರಣ ಆ ಮಳೆಯೇ.

ನೀರಿನ ದಾರಿ

1960-70ರ ದಶಕದ ಸಾಮಾನ್ಯ ಕ್ಯಾಂಪರ್‌ನ ಗೋಡೆ ಬಿಚ್ಚಿದ್ರೆ ಸಿಗೋದು ಇಷ್ಟು: ಹೊರಗೆ ತೆಳು ಅಲ್ಯೂಮಿನಿಯಂ ತಗಡು, ಒಳಗೆ ಸಣ್ಣ ರೀಪರ್‌ಗಳ ಮರದ ಚೌಕಟ್ಟು, ಮಧ್ಯೆ ಗ್ಲಾಸ್ ವುಲ್, ಕೊನೆಗೆ ತೆಳು ಪ್ಲೈವುಡ್. ತಗಡಿಗೆ ತಗಡು ಸೇರೋ ಸಂದಿಗೆ ಪುಟ್ಟಿ ಮೆತ್ತಿ, ಮೇಲೆ ಒಂದು ಪಟ್ಟಿ ಇಟ್ಟು ಸ್ಕ್ರೂ ಹೊಡೆದಿರುತ್ತಾರೆ. ಇಪ್ಪತ್ತು ಮೂವತ್ತು ವರ್ಷದಲ್ಲಿ ಪುಟ್ಟಿ ಒಣಗಿ ಬಿರುಕು ಬಿಡುತ್ತೆ. ನೀರು ಸ್ಕ್ರೂ ತೂತಿನಿಂದ ಒಳಗಿಳಿದು ಮರಕ್ಕೆ ಸೇರುತ್ತೆ. ತಗಡು ಹೊರಗಿಂದ ಹೊಳೀತಾನೇ ಇರುತ್ತೆ, ಒಳಗಿನ ಮರ ರಸ್ಕ್ ಥರ ಪುಡಿಯಾಗಿರುತ್ತೆ. ಸಾಮಾನ್ಯವಾಗಿ ಮೊದಲು ಹೋಗೋದು ಹಾಸಿಗೆ ಕೆಳಗಿನ, ಮುಂದಕ್ಕೆ ಚಾಚಿದ ಭಾಗ. ಗಾಡಿ ಓಡುವಾಗ ಗಾಳಿ, ಮಳೆ ಎರಡೂ ಹೊಡೆಯೋದು ಅಲ್ಲಿಗೇ.

ಇದನ್ನ ಪತ್ತೆ ಮಾಡೋಕೆ ದುಬಾರಿ ಸಲಕರಣೆ ಬೇಡ. ಒಂದು ಚೂಪು ಸ್ಕ್ರೂಡ್ರೈವರ್ ತಗೊಂಡು ಮೂಲೆ ಮೂಲೆ ಚುಚ್ಚಿ ನೋಡಿದ್ರೆ ಸಾಕು. ಗಟ್ಟಿ ಮರ ತಡೆಯುತ್ತೆ, ಕೊಳೆತದ್ದು ಬೆಣ್ಣೆ ಥರ ಒಳಗೆ ಬಿಟ್ಕೊಳ್ಳುತ್ತೆ. ಗೋಡೆ ಮೇಲೆ ಕಲೆ ಕಂಡ ಜಾಗವೇ ಸೋರಿಕೆಯ ಜಾಗ ಅಂತ ನಂಬೋ ಹಾಗಿಲ್ಲ. ನೀರು ಮೇಲೆ ಎಲ್ಲೋ ಒಳನುಗ್ಗಿ, ರೀಪರ್ ಹಿಡ್ಕೊಂಡು ಹರಿದು, ಇನ್ನೆಲ್ಲೋ ತೊಟ್ಟಿಕ್ಕುತ್ತೆ. ಮಲೆನಾಡಿನ ಹಳೆ ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಬಕೆಟ್ ಇಡೋ ಜಾಗ ಒಂದು, ಹಂಚು ಜರುಗಿದ ಜಾಗ ಇನ್ನೊಂದು.

ಬಜೆಟ್ ಕಮ್ಮಿ ಇರೋರು ಎಡವೋದು ಇಲ್ಲೇ. ಮೇಲಿಂದ ಸಿಲಿಕೋನ್ ಹಚ್ಚಿ ಮುಗಿಸಿಬಿಡೋಣ ಅನ್ಸುತ್ತೆ, ನಮ್ಮಲ್ಲಿ ಎಂಸೀಲ್ ಮೆತ್ತಿದ ಹಾಗೆ. ಆದ್ರೆ ಸಿಲಿಕೋನ್ ಹಚ್ಚಿದ ಜಾಗಕ್ಕೆ ಮುಂದೆ ಬೇರೆ ಯಾವ ಸೀಲಂಟೂ ನೆಟ್ಟಗೆ ಅಂಟಲ್ಲ. ಸರಿಯಾದ ದಾರಿ ನಿಧಾನದ್ದು: ಪಟ್ಟಿ ಬಿಚ್ಚಬೇಕು, ಹಳೆ ಪುಟ್ಟಿ ಪೂರ್ತಿ ಕೆರೆಯಬೇಕು, ಕೊಳೆತ ಮರ ಬದಲಾಯಿಸಬೇಕು, ಹೊಸ ಬ್ಯುಟೈಲ್ ಟೇಪ್ ಇಟ್ಟು, ತುಕ್ಕು ಹಿಡಿಯದ ಸ್ಕ್ರೂ ಹಾಕಿ ಬಿಗಿಯಬೇಕು. ಸಾಮಾನಿನ ಖರ್ಚು ಕಡಿಮೆ, ಬೇಕಾಗೋದು ದಿನಗಟ್ಟಲೆ ಕೈಕೆಲಸ. ದುಡ್ಡು ಕಮ್ಮಿ ಇದ್ದು ಸಮಯ ಇರೋರಿಗೆ, ಅಂದ್ರೆ ವಿದ್ಯಾರ್ಥಿಗಳಿಗೆ, ಇದಕ್ಕಿಂತ ಹೊಂದೋ ಕೆಲಸ ಯಾವುದಿದೆ?

ತೂಕದ ಲೆಕ್ಕ

ಅಮೆರಿಕದ ಹೊಸ ಗಾಡಿಗಳ ಡ್ರೈವರ್ ಬಾಗಿಲ ಹತ್ತಿರ ಒಂದು ಚೀಟಿ ಇರುತ್ತೆ. ಜನ ಮತ್ತು ಸಾಮಾನು ಸೇರಿ ಇಷ್ಟು ಕಿಲೋ ಮೀರಬಾರದು ಅಂತ ಅದರಲ್ಲಿ ಬರೆದಿರುತ್ತಾರೆ. ಉದಾಹರಣೆಗೆ ಆ ಮಿತಿ 900 ಕಿಲೋ ಅಂದ್ಕೊಳ್ಳೋಣ. ಖಾಲಿ ಕ್ಯಾಂಪರ್ 600 ಕಿಲೋ, ಇಬ್ಬರು ಮನುಷ್ಯರು 140. ಟ್ಯಾಂಕ್‌ನಲ್ಲಿ 110 ಲೀಟರ್ ನೀರು ಅಂದ್ರೆ 110 ಕಿಲೋ. ಗ್ಯಾಸ್ ಸಿಲಿಂಡರ್, ಬ್ಯಾಟರಿ ಸೇರಿ 50. ಕೂಡಿದ್ರೆ ಸರಿಯಾಗಿ 900. ಇನ್ನೂ ಒಂದು ತಟ್ಟೆ, ಒಂದು ಹೊದಿಕೆ ಒಳಗಿಟ್ಟಿಲ್ಲ! ಇದರ ಮೇಲೆ ವಿಡಿಯೋದಲ್ಲಿ ನೋಡಿದ ಗಟ್ಟಿ ಮರದ ಕಪಾಟು ಕೂರಿಸಿದ್ರೆ ಆ ತೂಕ ಹೊರೋದು ಟೈರು, ಸ್ಪ್ರಿಂಗು, ಬ್ರೇಕು.

ತೂಕ ಎಷ್ಟು ಅನ್ನೋದರ ಜೊತೆ ಎಲ್ಲಿ ಅನ್ನೋದೂ ಬೇಕು. ಕ್ಯಾಂಪರ್‌ನ ಗುರುತ್ವ ಕೇಂದ್ರ ಹಿಂದಿನ ಆಕ್ಸಲ್‌ಗಿಂತ ಸ್ವಲ್ಪ ಮುಂದೆ ಬೀಳಬೇಕು. ಹಿಂದೆ ಬಿದ್ರೆ ಮುಂದಿನ ಚಕ್ರಗಳ ಮೇಲಿನ ಭಾರ ಕಮ್ಮಿಯಾಗಿ ಸ್ಟೀರಿಂಗ್ ಹಿಡಿತ ತಪ್ಪುತ್ತೆ. ಮೊದಲನೇ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ಮೊಮೆಂಟ್ ತಗೊಂಡು ಬಿಡಿಸಿದ ಬೀಮ್ ಲೆಕ್ಕ ಇದೇ. ವ್ಯತ್ಯಾಸ ಏನಂದ್ರೆ, ಇಲ್ಲಿ ಉತ್ತರ ತಪ್ಪಾದ್ರೆ ಮಾರ್ಕ್ಸ್ ಜೊತೆ ಇನ್ನೂ ಏನೇನೋ ಹೋಗುತ್ತೆ.

ಕರೆಂಟು, ಗ್ಯಾಸು

ಸೋಲಾರ್ ವಿಷಯಕ್ಕೆ ಬರೋಣ. ಹಳೆ ಕ್ಯಾಂಪರ್‌ನ 12 ವೋಲ್ಟ್ ಫಿಲಮೆಂಟ್ ಬಲ್ಬ್ ಒಂದು ಸುಮಾರು 18 ವ್ಯಾಟ್ ತಿನ್ನುತ್ತೆ. ಐದು ಬಲ್ಬ್ ನಾಲ್ಕು ಗಂಟೆ ಉರಿದ್ರೆ 360 ವ್ಯಾಟ್-ಅವರ್. ಅದೇ ಹೋಲ್ಡರ್‌ಗೆ ಕೂರೋ 3 ವ್ಯಾಟ್ ಎಲ್‌ಇಡಿ ಹಾಕಿದ್ರೆ 60. ಉಳಿತಾಯ 300. ಒಳ್ಳೆ ಬಿಸಿಲಿನ ದಿನ 100 ವ್ಯಾಟ್ ಪ್ಯಾನೆಲ್ ಕೊಡೋದೂ ಹೆಚ್ಚುಕಮ್ಮಿ 300ರಿಂದ 400. ಅಂದ್ರೆ ಐದು ಬಲ್ಬ್ ಬದಲಾಯಿಸಿದ್ರೆ ಹತ್ತಿರ ಹತ್ತಿರ ಒಂದು ಪ್ಯಾನೆಲ್ ಕೊಂಡಷ್ಟೇ ಲಾಭ, ಮಾಳಿಗೆಗೆ ಒಂದೂ ಹೊಸ ತೂತು ಬೀಳದ ಹಾಗೆ.

ವೈರ್ ಕೂಡ ಹಾಗೇ. ಬ್ಯಾಟರಿಯಿಂದ 5 ಮೀಟರ್ ದೂರ 10 ಆಂಪಿಯರ್ ಕಳಿಸಬೇಕು. ಹೋಗಿ ಬರೋ ದಾರಿ ಸೇರಿ 10 ಮೀಟರ್ ತಾಮ್ರ. 2.5 ಚದರ ಮಿಲಿಮೀಟರ್ ವೈರ್ ಹಾಕಿದ್ರೆ ಸುಮಾರು 0.7 ವೋಲ್ಟ್ ದಾರಿಯಲ್ಲೇ ಖರ್ಚು. 230 ವೋಲ್ಟ್‌ನಲ್ಲಿ ಇದು ಲೆಕ್ಕಕ್ಕಿಲ್ಲ. 12 ವೋಲ್ಟ್‌ನಲ್ಲಿ ಹತ್ತಿರ ಹತ್ತಿರ 6 ಪರ್ಸೆಂಟ್. 6 ಚದರ ಮಿಲಿಮೀಟರ್ ವೈರ್ ಹಾಕಿದ್ರೆ ನಷ್ಟ 0.3 ವೋಲ್ಟ್‌ಗೆ ಇಳಿಯುತ್ತೆ. ಓಮ್‌ನ ನಿಯಮ ಎಸ್‌ಎಸ್‌ಎಲ್‌ಸಿಯಿಂದ ಗೊತ್ತು, ಆದ್ರೆ ಯಾವ ವೈರ್ ಕೊಳ್ಳಬೇಕು ಅಂತ ಎಲೆಕ್ಟ್ರಿಕಲ್ ಅಂಗಡಿಯವರನ್ನ ಕೇಳೋ ಪರಿಸ್ಥಿತಿ ನಮ್ಮಲ್ಲಿ ಎಷ್ಟು ಜನರದ್ದು, ಹೇಳಿ.

ಗ್ಯಾಸ್ ವಿಷಯದಲ್ಲಿ ಮಾತ್ರ ಬಜೆಟ್ ಅನ್ನೋ ಪದವೇ ಬೇಡ. ಪ್ರೊಪೇನ್ ಗಾಳಿಗಿಂತ ಭಾರ, ಸೋರಿದ್ರೆ ನೆಲದಲ್ಲಿ ಹರಡಿಕೊಳ್ಳುತ್ತೆ. ಅದಕ್ಕೇ ಡಿಟೆಕ್ಟರ್ ನೆಲದ ಹತ್ತಿರ ಇರಬೇಕು. ಹಳೆ ರಬ್ಬರ್ ಪೈಪ್, ರೆಗ್ಯುಲೇಟರ್ ಹೊಸದಾಗಬೇಕು, ಪ್ರತಿ ಜಾಯಿಂಟ್‌ಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡಬೇಕು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮುಚ್ಚಿದ ಪುಟ್ಟ ಕೋಣೆಯಲ್ಲಿ ಮಲಗೋರಿಗೆ ಅದರ ಅಲಾರಂ ಬೇಕೇ ಬೇಕು.

ಹೀಗೆ ನೀರು, ತೂಕ, ಗ್ಯಾಸು, ಕರೆಂಟು, ಕೊನೆಗೆ ಅಂದ. ಕಮ್ಮಿ ದುಡ್ಡಲ್ಲಿ ಮಾಡೋದು ಅಂದ್ರೆ ಎಲ್ಲದರಲ್ಲೂ ಅಗ್ಗದ್ದು ಕೊಳ್ಳೋದಲ್ಲ, ಯಾವುದು ಮೊದಲು ಅಂತ ತೀರ್ಮಾನ ಮಾಡೋದು. ಸೋರೋ ಮಾಳಿಗೆ ಮೇಲೆ ಸೋಲಾರ್ ಕೂರಿಸಿದ್ರೆ ಆ ದುಡ್ಡು ಒಂದೇ ಮಳೆಗಾಲಕ್ಕೆ ನೀರುಪಾಲು.

ಹಾಗಾದ್ರೆ ಹೊಸತು ಬೇಡವೇ?

ಗೈಡ್‌ಗಳು ಎತ್ತೋ ಆಕ್ಷೇಪ ಗೊತ್ತೇ ಇದೆ. "ರಿಪೇರಿ ಮೆಕ್ಯಾನಿಕ್ ಕೆಲಸ ಕಣಯ್ಯಾ, ಪ್ರಾಜೆಕ್ಟ್‌ನಲ್ಲಿ ಹೊಸತನ ಎಲ್ಲಿ?" ಈ ಪ್ರಶ್ನೆಯನ್ನ ತಳ್ಳಿಹಾಕೋ ಹಾಗಿಲ್ಲ. ಉತ್ತರ ಅದೇ ಕ್ಯಾಂಪರ್‌ನ ಒಳಗಿದೆ, ಅದರ ಫ್ರಿಜ್‌ನಲ್ಲಿ.

ಹಳೆ ಕ್ಯಾಂಪರ್‌ಗಳಲ್ಲಿ ಗ್ಯಾಸ್ ಜ್ವಾಲೆಯಿಂದ ತಣ್ಣಗಾಗೋ ಫ್ರಿಜ್ ಇರುತ್ತೆ. ಅಮೋನಿಯಾ, ನೀರು, ಹೈಡ್ರೋಜನ್ ಮೂರೂ ಮುಚ್ಚಿದ ಕೊಳವೆಗಳಲ್ಲಿ ಸುತ್ತುತ್ತವೆ. ಕಂಪ್ರೆಸರ್ ಇಲ್ಲ, ಪಂಪ್ ಇಲ್ಲ, ಕೂಲಿಂಗ್ ಯೂನಿಟ್‌ನಲ್ಲಿ ಅಲುಗಾಡೋ ಭಾಗವೇ ಇಲ್ಲ. ಇದನ್ನ 1922ರಲ್ಲಿ ರೂಪಿಸಿದವರು ಬಾಲ್ಟ್ಸರ್ ವಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. ಆಗ ಅವರಿಬ್ಬರೂ ಸ್ಟಾಕ್‌ಹೋಮ್‌ನ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ವಿದ್ಯಾರ್ಥಿಗಳು, ನಮ್ಮ ಹಾಗೆ! ಆಮೇಲೆ ಎಲೆಕ್ಟ್ರೋಲಕ್ಸ್ ಕಂಪನಿ ಅದನ್ನ ಮಾರುಕಟ್ಟೆಗೆ ತಂತು.

ಹಾಗಾಗಿ ಹೊಸತು ಬೇಡ ಅಂತ ನಾವು ಹೇಳ್ತಿಲ್ಲ. ನೂರು ವರ್ಷ ಬಾಳೋ ಹೊಸತು ಬೇಕು ಅಂದ್ರೆ, ಹಳೆಯದು ಯಾಕೆ ಕೆಟ್ಟಿತು ಅಂತ ಗೊತ್ತಿರಬೇಕು. ಸ್ಕ್ರೂ ಹಾಕಬೇಕಾದಲ್ಲಿ ಅಂಟು ಹಾಕಿದ್ರೆ ಮುಂದೆ ಬಿಚ್ಚೋರಿಗೆ ಏನಾಗುತ್ತೆ ಅಂತ ಒಮ್ಮೆ ಬಿಚ್ಚಿದವರಿಗೇ ತಿಳಿಯೋದು.

ಇನ್ನು, ಈಗ ನಡೀತಿರೋ 'ಹೊಸತನ'ದ ಕಥೆ ಯಾರಿಗೆ ಗೊತ್ತಿಲ್ಲ? ಸೆಮಿಸ್ಟರ್ ಶುರುವಾದ ಕೂಡಲೇ ರೆಡಿಮೇಡ್ ಪ್ರಾಜೆಕ್ಟ್ ಅಂಗಡಿಗಳ ಪಾಂಪ್ಲೆಟ್ ಗೇಟಿನ ಮುಂದೆ ಹಾರಾಡುತ್ತೆ. ಮಾಡೆಲ್, ರಿಪೋರ್ಟ್, ಪಿಪಿಟಿ, ವೈವಾ ಪ್ರಶ್ನೋತ್ತರ ಎಲ್ಲ ಒಂದೇ ಪ್ಯಾಕೇಜ್. ವೈವಾ ದಿನ ದೀಪ ಹತ್ತಿಕೊಂಡ್ರೆ ಆಯ್ತು. ಮಾರನೇ ವಾರ ಆ ಮಾಡೆಲ್ ಸ್ಟೋರ್ ರೂಮ್ ಸೇರುತ್ತೆ. ಕೆಟ್ಟ ವಸ್ತುವಿನ ರಿಪೇರಿಯನ್ನ ಹೀಗೆ ಕೊಂಡು ತರೋಕಾಗಲ್ಲ. ಪ್ರತಿ ಕೆಟ್ಟ ವಸ್ತು ಅದರದ್ದೇ ರೀತಿಯಲ್ಲಿ ಕೆಟ್ಟಿರುತ್ತೆ.

ನಾವು ಕೇಳೋದು ಏನು?

ಒಂದು ಮಾತು ಮೊದಲೇ ಹೇಳಿಬಿಡ್ತೀವಿ: ಇಲ್ಲಿ ಯಾರೂ ಗುಜರಿಯಿಂದ ಟೆಂಪೋ ತಂದು ಕ್ಯಾಂಪರ್ ಮಾಡೋಕೆ ಹೋಗಬೇಡಿ. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನ ಬದಲಾಯಿಸೋದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತೆ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಕ್ಯಾಂಪರ್ ಅಲ್ಲೇ ಇರಲಿ, ಅದರ ಕ್ರಮ ಇಲ್ಲಿಗೆ ಬರಲಿ.

ಕ್ಯಾಂಪಸ್‌ನಲ್ಲಿ ಕೆಟ್ಟು ನಿಂತ ವಸ್ತುಗಳಿಗೇನೂ ಬರ ಇಲ್ಲ. ಕಾರಿಡಾರ್‌ನ ವಾಟರ್ ಕೂಲರ್, ಲ್ಯಾಬ್‌ನ ಪಂಪು, ಹಾಸ್ಟೆಲ್ ಮಾಳಿಗೆಯ ಸೋಲಾರ್ ವಾಟರ್ ಹೀಟರ್, ಆಯುಧಪೂಜೆ ದಿನ ಮಾತ್ರ ಅರಿಶಿನ ಕುಂಕುಮ ಕಾಣೋ ವರ್ಕ್‌ಶಾಪ್‌ನ ಲೇತ್. ಪ್ರತಿ ವಿಭಾಗವೂ ವರ್ಷಕ್ಕೆ ಎರಡು ತಂಡಗಳಿಗೆ ಇವುಗಳಲ್ಲಿ ಒಂದೊಂದನ್ನ ಪ್ರಾಜೆಕ್ಟ್ ಆಗಿ ಕೊಡಲಿ. ಖರ್ಚಿಗೆ ಒಂದು ಮಿತಿ ಇರಲಿ. ರಿಪೋರ್ಟ್‌ನಲ್ಲಿ ಐದು ವಿಷಯ ಕಡ್ಡಾಯ ಆಗಲಿ: ಮುಟ್ಟೋಕೆ ಮೊದಲಿನ ಅಳತೆ, ಕೆಟ್ಟಿದ್ದಕ್ಕೆ ಕಾರಣ, ಯಾವುದನ್ನ ಮೊದಲು ಮಾಡಿದ್ವಿ ಮತ್ತು ಯಾಕೆ, ಬಿಲ್ ಸಮೇತ ಖರ್ಚು, ಮುಗಿದ ಮೇಲಿನ ಅಳತೆ. 230 ವೋಲ್ಟ್ ಇರೋ ಕಡೆ ಲ್ಯಾಬ್ ಇನ್‌ಸ್ಟ್ರಕ್ಟರ್ ಪಕ್ಕದಲ್ಲೇ ಇರಬೇಕು. ಹಾಗೆ ನೋಡಿದ್ರೆ ಈ ಕೆಲಸದಲ್ಲಿ ನಿಜವಾದ ಗುರುಗಳು ಅವರೇ.

ಇನ್ನೊಂದು ಬೇಡಿಕೆ ಇದೆ, ಸ್ವಲ್ಪ ವಿಚಿತ್ರ ಅನ್ನಿಸಬಹುದು. "ಇದನ್ನ ರಿಪೇರಿ ಮಾಡೋದು ಲಾಭ ಇಲ್ಲ, ಗುಜರಿಗೆ ಕೊಡಿ" ಅನ್ನೋ ತೀರ್ಮಾನಕ್ಕೂ ಪೂರ್ತಿ ಮಾರ್ಕ್ಸ್ ಸಿಗಬೇಕು, ಅಳತೆ ಮತ್ತು ಲೆಕ್ಕ ಸರಿಯಾಗಿದ್ರೆ. ಚೌಕಟ್ಟು ಪೂರ್ತಿ ಕೊಳೆತ ಕ್ಯಾಂಪರ್‌ನಿಂದ ಕಿಟಕಿ, ಒಲೆ, ಜಾಕ್ ಬಿಚ್ಚಿಕೊಂಡು ಉಳಿದದ್ದನ್ನ ಬಿಟ್ಟು ಬರೋರಿಗೂ ಆ ಕೆಲಸದ ಬುದ್ಧಿ ಇದೆ. ಎಲ್ಲ ಪ್ರಾಜೆಕ್ಟೂ ಗೆಲ್ಲಲೇಬೇಕು ಅನ್ನೋ ಒತ್ತಡ ಇರೋವರೆಗೂ ರೀಡಿಂಗ್ ತಿದ್ದೋದು ನಿಲ್ಲಲ್ಲ.

ಈ ಬೇಡಿಕೆಗಳನ್ನ ಹೆಚ್‌ಓಡಿಗಳ ಮುಂದಿಡೋಕೆ ನಮಗೆ ಒಂದು ಪಟ್ಟಿ ಬೇಕು. ನಿಮ್ಮ ವಿಭಾಗದ ಮೂಲೆಯಲ್ಲಿ ಏನು ಕೆಟ್ಟು ಕೂತಿದೆ, ಎಷ್ಟು ವರ್ಷದಿಂದ, ಯಾಕೆ ಕೆಟ್ಟಿರಬಹುದು ಅನ್ಸುತ್ತೆ? ಒಂದು ಫೋಟೋ, ನಾಲ್ಕು ಸಾಲು ಬರೆದು ಸಂಘಕ್ಕೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಆ ಪಟ್ಟಿ ಪ್ರಕಟಿಸ್ತೀವಿ. ಸ್ಕ್ರೂಡ್ರೈವರ್ ಹಿಡಿಯೋಕೆ ಎಷ್ಟು ಜನ ಮುಂದೆ ಬರ್ತಾರೆ ನೋಡೋಣ.